ಬೇಟೆ ಮಾಂಸ ಬಡವರಿಗೆ ಹಂಚಿದರೆ ಪುಣ್ಯ ಬರುತ್ತದೆಯೇ?

ಪ್ರಶ್ನೆ: ಡಾಕ್ಟರ್ ಸಾಹೇಬ್ರೇ, ನಾನು ಚಿತ್ತಾಪುರ ತಾಲೂಕಿನ ರೈತ. ಎಂಟು ಎಕರೆ ಹೊಲ ಇದೆ. ತೊಗರಿಯೇ ಜಾಸ್ತಿ, ಬಾವಿ ಪಕ್ಕದ ಒಂದೂವರೆ ಎಕರೆಯಲ್ಲಿ ಶೇಂಗಾ. ಕಾಡುಹಂದಿ ಕಾಟ ಹೇಳತೀರದು. ಹೋದ ತಿಂಗಳು ಒಂದು ದೊಡ್ಡ ಹಂದಿ ನಮ್ಮ ಹಾಳು ಬಾವಿಗೆ ಬಿದ್ದು, ಬೆಳಿಗ್ಗೆ ನೋಡಿದರೆ ಸತ್ತಿತ್ತು. ಊರ ಹುಡುಗರು ಎತ್ತಿ, ಕೊಯ್ದು, ಬಡವರ ಓಣಿಯಲ್ಲಿ ಹಂಚಿದರು. ನಾನು ಬೇಡ ಅನ್ನಲಿಲ್ಲ. ಹಸಿದವರ ಹೊಟ್ಟೆಗೆ ಹೋಯಿತಲ್ಲ ಅಂತ ಖುಷಿಯೇ ಆಯಿತು. ಮನೆಯವಳು ಮಾತ್ರ ಇದು ಪಾಪ ಅಂತ ಎರಡು ದಿನ ಮಾತು ಬಿಟ್ಟಳು. ನನ್ನ ಅಕ್ಕನ ಮಗ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿದ್ದಾನೆ. ಅವನಿಗೆ ಹೇಳಿದರೆ, "ಮಾಮಾ, ಇಲ್ಲಿ ನಾನೇ ಜಿಂಕೆ ಹೊಡೆದು ಅನ್ನ ಇಲ್ಲದವರಿಗೆ ಕೊಟ್ಟಿದ್ದೀನಿ. ಒಂದು ಜಿಂಕೆಯಿಂದ 200 ಊಟ ಆಗುತ್ತೆ. ಚರ್ಚಿನವರು ಇದು ದೇವರ ಕೆಲಸ ಅಂತಾರೆ" ಅಂದ. ನಮ್ಮಪ್ಪನೂ ಬೇಟೆ ಆಡಿ ಓಣಿಗೆಲ್ಲ ಹಂಚುತ್ತಿದ್ದ. ಅವರಿಗೆಲ್ಲ ಪುಣ್ಯ, ನಮಗೆ ಯಾಕೆ ಪಾಪ? ಇನ್ನು ಮುಂದೆ ಹೊಲಕ್ಕೆ ಬಂದ ಹಂದಿ ಹೊಡೆದು ಬಡವರಿಗೆ ಕೊಟ್ಟರೆ ಬೆಳೆಯೂ ಉಳಿಯುತ್ತೆ, ಪುಣ್ಯವೂ ಬರುತ್ತೆ ಅಲ್ವಾ? ಇನ್ನೂ ನಾಲ್ಕು ಕೆಜಿ ಮಾಂಸ ನಮ್ಮ ಫ್ರಿಜ್‌ನಲ್ಲಿ ಗಟ್ಟಿಯಾಗಿ ಕೂತಿದೆ. ಯುಗಾದಿಗೆ ಅನಾಥ ಮಕ್ಕಳ ಆಶ್ರಮಕ್ಕೆ ಕೊಡಬಹುದಾ?

ಉತ್ತರ:

ಯಜಮಾನ್ರೇ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಬೇಡ. ಆ ನಾಲ್ಕು ಕೆಜಿ ಮಾಂಸ ಆಶ್ರಮಕ್ಕೂ ಬೇಡ, ನಿಮ್ಮ ಮನೆಯ ನಾಯಿಗೂ ಬೇಡ. ಏಕೆ ಅಂತ ಹೇಳುತ್ತೇನೆ.

ನಾನು ಸ್ವಾಮಿಯೂ ಅಲ್ಲ, ಮೌಲ್ವಿಯೂ ಅಲ್ಲ. ಕಲಬುರಗಿ, ಯಾದಗಿರಿ, ಬೀದರ್ ಸುತ್ತಿ ನಿವೃತ್ತನಾದ ಪಶುವೈದ್ಯ. ಪುಣ್ಯದ ಖಾತೆ ನೋಡುವ ಕೆಲಸ ನನ್ನದಲ್ಲ. ಆದರೆ ಮಾಂಸ ನೋಡಿದ್ದೇನೆ, ಸತ್ತ ಪ್ರಾಣಿ ಕೊಯ್ದು ನೋಡಿದ್ದೇನೆ, ದಾನ ಮಾಡುವವರನ್ನೂ ತಿನ್ನುವವರನ್ನೂ ಹತ್ತಿರದಿಂದ ಕಂಡಿದ್ದೇನೆ. ನಿಮ್ಮ ಮನಸ್ಸಿನಲ್ಲಿ ಮೂರು ಬೇರೆ ಬೇರೆ ವಿಷಯ ಗಂಟು ಬಿದ್ದಿವೆ. ಅಳಿಯನ ಜಿಂಕೆ ಒಂದು, ಅಪ್ಪನ ಬೇಟೆ ಇನ್ನೊಂದು, ನಿಮ್ಮ ಬಾವಿಯ ಹಂದಿ ಮತ್ತೊಂದು. ಬಿಡಿಸಿ ನೋಡೋಣ.

ಅಳಿಯ ಸುಳ್ಳು ಹೇಳಿಲ್ಲ. ಪೆನ್ಸಿಲ್ವೇನಿಯಾದಲ್ಲಿ 1991ರಿಂದಲೇ ಇಂಥದ್ದೊಂದು ವ್ಯವಸ್ಥೆ ಇದೆ. ಬೇಟೆಗಾರ ಜಿಂಕೆಯನ್ನು ಗೊತ್ತುಮಾಡಿದ ಕಸಾಯಿಯ ಹತ್ತಿರ ಒಯ್ದು ಕೊಡುತ್ತಾನೆ, ಅವನು ಅದನ್ನು ಕೊಯ್ದು, ಕೈಮಾ ಮಾಡಿ, ಪೊಟ್ಟಣ ಕಟ್ಟುತ್ತಾನೆ, ಅದು ಬಡವರಿಗೆ ಆಹಾರ ಕೊಡುವ ಕೇಂದ್ರಗಳಿಗೆ ಹೋಗುತ್ತದೆ. ಮೇರಿಲ್ಯಾಂಡ್‌ನಲ್ಲಿ 1997ರಲ್ಲಿ ಶುರುವಾದ ಇನ್ನೊಂದು ಸಂಸ್ಥೆಯ ಹಿಂದೆ ಒಂದು ಕಥೆ ಇದೆ. ಬೇಟೆಗೆ ಹೊರಟಿದ್ದ ಒಬ್ಬನಿಗೆ ರಸ್ತೆ ಬದಿಯಲ್ಲಿ ಒಬ್ಬ ಹೆಂಗಸು ಕಂಡಳಂತೆ. ಸತ್ತು ಬಿದ್ದ ಜಿಂಕೆಯನ್ನು ಕಾರಿನ ಡಿಕ್ಕಿಗೆ ಎತ್ತಿ ಹಾಕಲು ಅವನ ಸಹಾಯ ಕೇಳಿ, ಮಕ್ಕಳು ಹಸಿದಿದ್ದಾರೆ ಅಂದಳಂತೆ. ಅಲ್ಲಿಂದ ಆತ ತಾನು ಹೊಡೆದದ್ದನ್ನು ಹಸಿದವರಿಗೆ ಕೊಡುವ ಕೆಲಸವನ್ನು ಧರ್ಮಸೇವೆ ಎಂದೇ ಹಿಡಿದ. ಚರ್ಚಿನವರು ದೇವರ ಕೆಲಸ ಅನ್ನುವುದು ಈ ಅರ್ಥದಲ್ಲಿ.

ಆದರೆ ಫೋನಲ್ಲಿ ಹೇಳದೇ ಬಿಟ್ಟ ಭಾಗ ದೊಡ್ಡದು. ಅಲ್ಲಿ ಆ ಜಿಂಕೆಗಳು ಲೆಕ್ಕಕ್ಕಿಂತ ಜಾಸ್ತಿ ಆಗಿವೆ. ಸರ್ಕಾರವೇ ಲೈಸೆನ್ಸ್ ಕೊಟ್ಟು, ದಿನ ಗೊತ್ತುಮಾಡಿ, ಇಷ್ಟೇ ಹೊಡೆಯಬೇಕು ಅಂತ ಚೀಟಿ ಕೊಡುತ್ತದೆ. ಚೀಟಿಗೆ ಅವನು ದುಡ್ಡು ಕೊಟ್ಟಿದ್ದಾನೆ, ಚಳಿಯಲ್ಲಿ ಕಾದು ಕೂತಿದ್ದಾನೆ. ಹೊಡೆದ ಮೇಲೆ ಆ ಜಿಂಕೆ ಕಾನೂನು ಪ್ರಕಾರ ಅವನದು. ಮಾರುವಂತಿಲ್ಲ, ಆದರೆ ತಿನ್ನಬಹುದು, ಕೊಡಬಹುದು. ಅವನು ತನ್ನದನ್ನು ಕೊಟ್ಟ. ನಿಮ್ಮ ಪ್ರಶ್ನೆಗೆ ಬೇಕಾದ ಕೀಲಿ ಇರುವುದು ಈ "ತನ್ನದು" ಅನ್ನುವ ಮಾತಿನಲ್ಲಿ.

ಅಲ್ಲೂ ಎಡವಟ್ಟು ಆಗಿದೆ ನೋಡಿ. 2008ರಲ್ಲಿ ನಾರ್ತ್ ಡಕೋಟಾ ರಾಜ್ಯದಲ್ಲಿ ಒಬ್ಬ ವೈದ್ಯರು ಬಡವರಿಗೆ ಹಂಚಲು ಇಟ್ಟಿದ್ದ ಜಿಂಕೆ ಕೈಮಾದ ಪೊಟ್ಟಣಗಳನ್ನು ಸ್ಕ್ಯಾನ್ ಮಾಡಿಸಿದರು. ಕಣ್ಣಿಗೆ ಕಾಣದಷ್ಟು ಸಣ್ಣ ಸೀಸದ ಚೂರುಗಳು ಸಿಕ್ಕವು. ಗುಂಡು ಮೂಳೆಗೆ ಬಡಿದಾಗ ಪುಡಿಯಾಗಿ ಮಾಂಸದ ತುಂಬ ಹರಡಿತ್ತು. ಉಳಿದ ದಾಸ್ತಾನನ್ನು ಎಸೆಯಿರಿ ಅಂತ ಆ ರಾಜ್ಯದ ಆರೋಗ್ಯ ಇಲಾಖೆ ಹೇಳಬೇಕಾಯಿತು. ಆಮೇಲೆ 738 ಜನರ ರಕ್ತ ಪರೀಕ್ಷೆ ಆಯಿತು. ಬೇಟೆ ಮಾಂಸ ತಿನ್ನುವವರ ರಕ್ತದಲ್ಲಿ ಸೀಸ ಸ್ವಲ್ಪ ಜಾಸ್ತಿ ಇತ್ತು. ಗಾಬರಿಪಡುವಷ್ಟಲ್ಲ, ಆದರೆ ಸಣ್ಣ ಮಕ್ಕಳಿಗೆ, ಬಸುರಿಯರಿಗೆ ಸೀಸ ಎಷ್ಟು ಕಮ್ಮಿ ಇದ್ದರೂ ಒಳ್ಳೆಯದಲ್ಲ. ಕೊಟ್ಟವರ ಮನಸ್ಸು ಶುದ್ಧವಾಗಿತ್ತು, ಪೊಟ್ಟಣದಲ್ಲಿ ಸೀಸ ಇತ್ತು. ಅಳಿಯನಿಗೆ ಫೋನ್ ಮಾಡಿದಾಗ ತಾಮ್ರದ ಗುಂಡು ಬಳಸುತ್ತೀಯಾ, ಸೀಸದ್ದಾ ಅಂತ ಸುಮ್ನೆ ಕೇಳಿ ನೋಡಿ.

ಇನ್ನು ಅಪ್ಪನ ಬೇಟೆ. ಅದನ್ನು ನಾನೂ ಕಂಡಿದ್ದೇನೆ. ಸುರಪುರದ ಕಡೆ ನಮ್ಮ ಅಜ್ಜಿಯ ಊರು. ಯುಗಾದಿ ಮರುದಿನ ಗಂಡಸರೆಲ್ಲ ಬಡಿಗೆ, ಬಲೆ, ನಾಯಿ ಕರೆದುಕೊಂಡು ಗುಡ್ಡದ ಕಡೆ ಹೋಗುತ್ತಿದ್ದರು. ಸಂಜೆ ಅಗಸಿ ಮುಂದೆ ಪಾಲು. ಮೊದಲು ಹೊಡೆದವನಿಗೆ ಒಂದು ಪಾಲು ಜಾಸ್ತಿ, ನಾಯಿ ಯಾರದೋ ಅವನಿಗೆ ಒಂದು ಪಾಲು, ಬೇಟೆಗೆ ಬರಲಾರದ ಮುದುಕರಿಗೆ, ಗಂಡ ಇಲ್ಲದ ಹೆಂಗಸರಿಗೆ ಒಂದೊಂದು. ಮುತ್ತುಗದ ಎಲೆಯಲ್ಲಿ ಹಿಡಿಯಷ್ಟು ಮೊಲದ ಮಾಂಸ ಕಟ್ಟಿ ನಮ್ಮ ಅಜ್ಜಿಗೂ ಬರುತ್ತಿತ್ತು. ಎಲೆಯ ತುದಿಯಿಂದ ರಕ್ತ ತೊಟ್ಟಿಕ್ಕುತ್ತಿದ್ದದ್ದು, ಅಜ್ಜಿ ಅದನ್ನು ಹೊಸ್ತಿಲ ಹೊರಗೇ ಇಸಿದುಕೊಳ್ಳುತ್ತಿದ್ದದ್ದು ಈಗಲೂ ಕಣ್ಣ ಮುಂದಿದೆ. ಅದರಲ್ಲಿ ಒಂದು ನ್ಯಾಯ ಇತ್ತು, ಇಲ್ಲ ಅನ್ನುವುದಿಲ್ಲ.

ಆದರೆ ಕಾಲ ಬೇರೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಆಮೇಲೂ ಕೆಲವು ಪ್ರಾಣಿಗಳಿಗೆ ಲೈಸೆನ್ಸ್ ಮೇಲೆ ಬೇಟೆ ನಡೆಯುತ್ತಿತ್ತು. 1991ರ ತಿದ್ದುಪಡಿಯಲ್ಲಿ ಆ ಬಾಗಿಲೂ ಮುಚ್ಚಿತು. ನಿಮ್ಮಪ್ಪ ಬೇಟೆ ಆಡಿದ ದಿನಗಳಲ್ಲಿ ಅದು ತಪ್ಪೇ ಆಗಿರಲಿಕ್ಕಿಲ್ಲ. ಅವರನ್ನು ಈಗ ಕಟಕಟೆಗೆ ಏರಿಸುವ ಕೆಲಸ ಬೇಡ. ಅವರ ಹೆಸರು ಹೇಳಿಕೊಂಡು ನೀವು ಹೊಡೆಯುವುದೂ ಬೇಡ.

ಈಗ ಬಾವಿಯ ಹಂದಿ. ಜನರಲ್ಲಿ ಒಂದು ನಂಬಿಕೆ ಇದೆ: "ನಾವು ಕೊಂದಿಲ್ಲ, ತಾನೇ ಸತ್ತದ್ದು, ನಮ್ಮ ಹೊಲದಲ್ಲಿ ಸತ್ತದ್ದು, ಹಾಗಾಗಿ ನಮ್ಮದು." ಕಾನೂನು ಹಾಗೆ ಹೇಳುವುದಿಲ್ಲ. ಕಾಯ್ದೆಯ 39ನೇ ಕಲಂ ಪ್ರಕಾರ ಸತ್ತು ಬಿದ್ದ ವನ್ಯಪ್ರಾಣಿಯೂ ಸರ್ಕಾರದ ಆಸ್ತಿ. ಗೊತ್ತಿಲ್ಲದೆ ಕೊಂದದ್ದೂ ಹಾಗೇ, ಅನುಮತಿ ಪಡೆದು ಹೊಡೆದದ್ದೂ ಹಾಗೇ. ಅಂಥ ಪ್ರಾಣಿ ನಿಮ್ಮ ಕೈಗೆ ಬಂದರೆ 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅರಣ್ಯ ಅಧಿಕಾರಿಗೋ ತಿಳಿಸಬೇಕು. ಕಾಯ್ದೆಯ ಪಟ್ಟಿಗಳು ಬದಲಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಕಾಡುಹಂದಿ ಈಗ ಎರಡನೇ ಪಟ್ಟಿಯಲ್ಲಿದೆ. ಬೇಟೆಯಾಡಿ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಚಿಗರಿಯೋ (ಕೃಷ್ಣಮೃಗ) ನವಿಲೋ ಆದರೆ ಮೊದಲನೇ ಪಟ್ಟಿ. ಅಲ್ಲಿ ಕನಿಷ್ಠವೇ ಮೂರು ವರ್ಷ, ಏಳರವರೆಗೂ ಹೋಗಬಹುದು.

ನನಗೆ ಹೆಚ್ಚು ಕಾಡುವುದು ಇನ್ನೊಂದು. ಅನುಮತಿ ಇಲ್ಲದೆ ಆ ಮಾಂಸವನ್ನು ಇಟ್ಟುಕೊಳ್ಳುವುದೂ ಅಪರಾಧವೇ. ಅಂದರೆ ನೀವು ಯಾರಿಗೆ ಪುಣ್ಯ ಅಂತ ಕೊಟ್ಟಿರೋ ಆ ಕೂಲಿ ಹೆಂಗಸಿನ ಗಡಿಗೆಯಲ್ಲಿದ್ದ ಮಾಂಸವೂ ಸಾಕ್ಷಿ ಆಗುತ್ತದೆ. ನಿಮಗಾದರೆ ಎಂಟು ಎಕರೆ ಇದೆ, ವಕೀಲರನ್ನು ಹಿಡಿಯುತ್ತೀರಿ. ಅವಳು ಯಾರನ್ನು ಹಿಡಿಯಬೇಕು?

ಪುಣ್ಯದ ಮಾತಿಗೆ ಬರುತ್ತೇನೆ. ಬೀದರ್‌ನಲ್ಲಿದ್ದಾಗ ಬಕ್ರೀದ್ ಮುಂಚೆ ಒಬ್ಬ ಹುಡುಗ ಒಬ್ಬ ಹಿರಿಯ ಕಸಾಯಿಯನ್ನು ಕೇಳಿದ: "ಚಾಚಾ, ಚಿಗರಿ ಹಲಾಲ್ ಅಲ್ವಾ? ಕುರ್ಬಾನಿ ಕೊಡಬಹುದಾ?" ಚಾಚಾ ನಕ್ಕುಬಿಟ್ಟರು. ಕುರ್ಬಾನಿಗೆ ಆಗುವುದು ಸಾಕಿದ ಜಾನುವಾರು ಮಾತ್ರ. ಕಾಡಿನ ಪ್ರಾಣಿ ತಿನ್ನಲು ಹಲಾಲ್ ಇದ್ದರೂ ಕುರ್ಬಾನಿಗೆ ಸಲ್ಲುವುದಿಲ್ಲ. ನೀನು ಸಾಕಿಲ್ಲ, ಕೊಂಡಿಲ್ಲ, ಮೇವು ಹಾಕಿಲ್ಲ, ನೀನು ಏನು ಬಿಟ್ಟುಕೊಟ್ಟ ಹಾಗಾಯಿತು ಅಂದರು ಚಾಚಾ. ನಮ್ಮ ಊರುಗಳಲ್ಲಿ ಅಮ್ಮನಿಗೆ ಹರಕೆ ಬಿಡುವವರೂ ಮನೆಯ ಮರಿಯನ್ನೇ ಬಿಡುತ್ತಾರೆ, ಹೆಸರಿಟ್ಟು ಸಾಕಿದ್ದನ್ನು. ಹರಕೆ ಸರಿಯೋ ತಪ್ಪೋ ಎಂಬುದು ಬೇರೆ ಜಗಳ. ಆದರೆ ಕೊಡುವುದು ಅಂದರೆ ತನ್ನ ಕೈಯಿಂದ ಏನೋ ಕಮ್ಮಿ ಆಗಬೇಕು ಅನ್ನುವುದು ಎರಡೂ ಕಡೆಯವರಿಗೆ ಗೊತ್ತಿದೆ. ನಿಮ್ಮ ಬಾವಿಯ ಹಂದಿಯಲ್ಲಿ ನಿಮ್ಮದು ಏನು ಕಮ್ಮಿ ಆಯಿತು, ಹೇಳಿ?

ಅರಳಗುಂಡಗಿಯ ಶರಣಬಸವರ ಬಗ್ಗೆ ನಮ್ಮ ಕಡೆಯ ಹಿರಿಯರು ಹೇಳುವುದನ್ನು ನೀವೂ ಕೇಳಿರುತ್ತೀರಿ. ಹೊಲ ಕಾಯಲು ಹೋದವರು ಹಕ್ಕಿ ಓಡಿಸುವ ಬದಲು ಅವಕ್ಕೆ ಕುಡಿಯಲು ನೀರು ಇಟ್ಟರಂತೆ. ಅದು ಶರಣರ ಮಾತಾಯಿತು. ನೀವು ಸಾಲ ತಂದು ಶೇಂಗಾ ಬಿತ್ತಿದವರು, ಹಂದಿಗೆ ನೀರು ಇಡಿ ಅಂತ ನಾನು ಹೇಳಿದರೆ ನನಗೇ ನಗು ಬರುತ್ತದೆ. ಅವರು ದಾಸೋಹಕ್ಕೆ ಕೊಟ್ಟದ್ದು ತಮ್ಮ ಬೆಳೆಯನ್ನು, ಅಷ್ಟು ನೆನಪಿಟ್ಟುಕೊಂಡರೆ ಸಾಕು.

ಇನ್ನೊಂದು ತಪ್ಪು ತಿಳಿವಳಿಕೆ: "ಬಡವರು, ಏನು ಕೊಟ್ಟರೂ ತಿನ್ನುತ್ತಾರೆ." ನಿಮ್ಮ ಹುಡುಗರು ಹಂಚುವಾಗ ಇದು ಕಾಡುಹಂದಿ ಅಂತ ಪ್ರತಿ ಮನೆಯಲ್ಲೂ ಹೇಳಿದರಾ? ಹಂದಿ ಮುಟ್ಟದ ಮನೆಗಳು ಆ ಓಣಿಯಲ್ಲಿ ಇಲ್ಲವಾ? ಸುಮ್ನೆ ಮಟನ್ ಅಂತ ಕೊಟ್ಟಿದ್ದರೆ ಅದು ದಾನವೂ ಅಲ್ಲ, ಒಬ್ಬರ ನೇಮ ಕೆಡಿಸಿದ ಹಾಗೆ. ನಿಮ್ಮ ಮನೆಯವರು ಮಾತು ಬಿಟ್ಟದ್ದು ಯಾಕೆ ಅಂತ ಕೇಳಿದ್ದೀರಾ? ಪಾಪ ಅಂದರೆ ಅವರ ಮನಸ್ಸಿನಲ್ಲಿ ಏನಿತ್ತೋ. ಹಂದಿ ಸತ್ತದ್ದೋ, ಕೊಯ್ದದ್ದೋ, ಇನ್ನೊಬ್ಬರ ಮಕ್ಕಳಿಗೆ ಅದನ್ನು ತಿನ್ನಿಸಿದ್ದೋ.

ಈಗ ನನ್ನ ಕಸುಬಿನ ಮಾತು. ಇಲ್ಲಿ ಸ್ವಲ್ಪ ಹೆಚ್ಚು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಕಸಾಯಿಖಾನೆಯಲ್ಲಿ ಕುರಿಯನ್ನು ಕೊಯ್ಯುವ ಮುಂಚೆ ಒಮ್ಮೆ ನೋಡಬೇಕು, ಕೊಯ್ದ ಮೇಲೆ ಒಮ್ಮೆ ನೋಡಬೇಕು. ಜ್ವರ ಇದೆಯಾ, ಕುಂಟುತ್ತಿದೆಯಾ, ಆಮೇಲೆ ಯಕೃತ್ತು, ಶ್ವಾಸಕೋಶ, ಗಂಟುಗಳು. ಬಾವಿಯಲ್ಲಿ ಸತ್ತ ಪ್ರಾಣಿಯಲ್ಲಿ ಮೊದಲನೆಯದು ಸಾಧ್ಯವೇ ಇಲ್ಲ. ಅದು ಬಿದ್ದು ಸತ್ತಿತೋ, ರೋಗ ಬಂದು ತೂರಾಡಿ ಬಿದ್ದಿತೋ, ಎಲ್ಲೋ ವಿಷ ತಿಂದು ನೀರಿಗೆ ಬಂದಿತೋ? ನೋಡಿದವರಿಲ್ಲ. ರಕ್ತ ಹೊರಗೆ ಹರಿದಿರುವುದಿಲ್ಲ. ಕರುಳು ಒಳಗೇ ಇರುತ್ತದೆ. ಹಂದಿಯ ಕೊಬ್ಬು ದಪ್ಪ, ಒಳಗಿನ ಬಿಸಿ ಬೇಗ ಇಳಿಯುವುದಿಲ್ಲ. ನಮ್ಮ ಸೆಕೆಯಲ್ಲಿ ಐದಾರು ಗಂಟೆ ಸಾಕು, ಕರುಳಿನ ಸೂಕ್ಷ್ಮಜೀವಿಗಳು ಮಾಂಸಕ್ಕೆ ಇಳಿಯುತ್ತವೆ. ಹೊಟ್ಟೆ ಉಬ್ಬಿತ್ತಾ ಅಂತ ನೆನಪು ಮಾಡಿಕೊಳ್ಳಿ.

"ಚೆನ್ನಾಗಿ ಕುದಿಸಿದರೆ ಎಲ್ಲ ಸಾಯುತ್ತೆ" ಅನ್ನುತ್ತಾರೆ. ಅರ್ಧ ನಿಜ. ಹಂದಿ ಮಾಂಸದಲ್ಲಿ ಇರಬಹುದಾದ ಹುಳುಗಳು, ಲಾಡಿಹುಳದ ಮರಿ ಇರುವ ಕಾಳಿನಂಥ ಗುಳ್ಳೆಗಳು ಚೆನ್ನಾಗಿ ಬೇಯಿಸಿದರೆ ಸಾಯುತ್ತವೆ. ಆದರೆ ಕೆಲವು ಸೂಕ್ಷ್ಮಜೀವಿಗಳು ಬಿಟ್ಟ ವಿಷ ಕುದಿಸಿದರೂ ಹೋಗುವುದಿಲ್ಲ. ನಾಡ ಬಂದೂಕಿನ ಸೀಸದ ಚರೆ ಕುದಿಸಿದರೆ ಹೋಗುತ್ತದಾ? ಬೆಳೆಗೆ ಹೊಡೆಯುವ ಕೀಟನಾಶಕವನ್ನು ಹಿಟ್ಟಿನಲ್ಲಿ ಕಲಸಿ ಇಟ್ಟಿದ್ದನ್ನು ತಿಂದಿದ್ದರೆ, ಕುಕ್ಕರ್ ಎಷ್ಟು ಸೀಟಿ ಹೊಡೆದರೂ ಅದನ್ನು ನಂಬುವ ಹಾಗಿಲ್ಲ. ಸತ್ತ ಪ್ರಾಣಿಯ ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರಂತೂ ಚಾಕು ಮುಟ್ಟಿಸಲೇಬೇಡಿ. ಅದು ನೆರಡಿ ರೋಗ (ಆಂಥ್ರಾಕ್ಸ್) ಇರಬಹುದು. ಆಗ ತಿನ್ನುವವನಿಗಿಂತ ಮೊದಲು ಕೊಯ್ಯುವವನಿಗೆ ಅಪಾಯ. ಫ್ರಿಜ್ ಬಗ್ಗೆಯೂ ಒಂದು ಮಾತು. ತಣ್ಣಗೆ ಇಟ್ಟರೆ ಕೆಟ್ಟದ್ದು ಒಳ್ಳೆಯದಾಗುವುದಿಲ್ಲ, ಕೆಡುವುದು ಸ್ವಲ್ಪ ನಿಲ್ಲುತ್ತದೆ ಅಷ್ಟೇ. ಊರಲ್ಲಿ ಹಂದಿ ಸಾಕುವವರಿದ್ದರೆ ಇನ್ನೂ ಒಂದು ಇದೆ. 2020ರಿಂದ ನಮ್ಮ ದೇಶದಲ್ಲಿ ಆಫ್ರಿಕನ್ ಹಂದಿಜ್ವರ ಕಾಣಿಸಿಕೊಂಡಿದೆ. ಮನುಷ್ಯರಿಗೆ ಬರುವುದಿಲ್ಲ, ಆದರೆ ಕಾಡುಹಂದಿಯ ಎಲುಬು, ಕರುಳು ಎಸೆದಲ್ಲಿ ಸಾಕಿದ ಹಂದಿ ತಿಂದರೆ ಇಡೀ ಹಿಂಡು ಹೋಗಬಹುದು. ಆ ಹಿಂಡಿನವನೂ ಬಡವನೇ.

ನಾನು ಒಮ್ಮೆ ಯಾದಗಿರಿ ಕಡೆ ಒಂದು ಕಾಡುಹಂದಿಯ ಮರಣೋತ್ತರ ಪರೀಕ್ಷೆಗೆ ಹೋಗಿದ್ದೆ. ಯಾರೋ ಹಿಟ್ಟಿನ ಉಂಡೆಯಲ್ಲಿ ಸಿಡಿಮದ್ದು ಇಟ್ಟಿದ್ದರು. ಕೆಳದವಡೆ ಇರಲಿಲ್ಲ, ನಾಲಿಗೆ ಅರ್ಧ ಇತ್ತು, ಗಾಯದಲ್ಲಿ ಹುಳು. ಹುಳುವಿನ ಗಾತ್ರ ನೋಡಿದರೆ ಮೂರ್ನಾಲ್ಕು ದಿನ ಅದು ಹಾಗೇ ತಿರುಗಾಡಿದೆ, ತಿನ್ನಲಾಗದೆ, ಕುಡಿಯಲಾಗದೆ. ನಾವು ಹೋಗುವಷ್ಟರಲ್ಲಿ ಹಿಂದಿನ ಎರಡು ತೊಡೆ ಕೊಯ್ದು ಒಯ್ದಾಗಿತ್ತು. ಕೇಳಿದರೆ, "ಮುದುಕಿಯರಿಗೆ ಕೊಟ್ಟೆವು ಸಾಹೇಬ್ರೇ, ಧರ್ಮಕ್ಕೆ" ಅಂದರು. ತಾವು ತಿಂದಿರಾ ಅಂದೆ. ಒಬ್ಬನೂ ಮಾತಾಡಲಿಲ್ಲ. ಅವತ್ತಿನಿಂದ ದಾನದ ಮಾಂಸ ಅಂದರೆ ನಾನು ಕೇಳುವುದು ಅದೊಂದೇ ಪ್ರಶ್ನೆ. ನಿಮಗೂ ಕೇಳುತ್ತೇನೆ. ಆ ನಾಲ್ಕು ಕೆಜಿಯನ್ನು ನಿಮ್ಮ ಮೊಮ್ಮಗನಿಗೆ ಯಾಕೆ ಮಾಡಿ ಬಡಿಸಿಲ್ಲ?

ಇಷ್ಟೆಲ್ಲ ಹೇಳಿ ಸುಮ್ಮನಾದರೆ ನೀವು ಬೈಯುತ್ತೀರಿ. ಬಡವರಿಗೆ ಪೌಷ್ಟಿಕ ಊಟ ಬೇಕು ಅನ್ನುವ ನಿಮ್ಮ ಕಳಕಳಿ ನೂರಕ್ಕೆ ನೂರು ಸರಿ. ನಮ್ಮ ಭಾಗದ ಮಕ್ಕಳ ಅಪೌಷ್ಟಿಕತೆ ನೋಡಿಯೇ 2021ರ ಡಿಸೆಂಬರ್‌ನಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡುವುದನ್ನು ಈ ಕಡೆಯ ಜಿಲ್ಲೆಗಳಲ್ಲಿ ಶುರುಮಾಡಿದ್ದು. ಹಾಗಾಗಿ ಮಾಂಸ, ಮೊಟ್ಟೆ ಕೊಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ.

ನಿಮ್ಮ ಹತ್ತಿರ ಇರುವುದನ್ನೇ ಲೆಕ್ಕ ಹಾಕಿ. ಅರವತ್ತು ಕೆಜಿ ಹಂದಿಯಿಂದ ಬಹಳ ಅಂದರೆ 35 ಕೆಜಿ ಮಾಂಸ. ತಲೆಗೆ 125 ಗ್ರಾಂ ಅಂದರೆ 280 ಊಟ. ನಿಮ್ಮ ಒಂದು ಕ್ವಿಂಟಲ್ ತೊಗರಿಯನ್ನು ದಾಲ್‌ಮಿಲ್‌ಗೆ ಹಾಕಿದರೆ ಹತ್ತಿರ ಹತ್ತಿರ 70 ಕೆಜಿ ಬೇಳೆ ಸಿಗುತ್ತದೆ. ತಲೆಗೆ 50 ಗ್ರಾಂ ಬೇಳೆ ಅಂದರೆ 1,400 ಊಟ. ನೂರು ಗ್ರಾಂ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್. ಕಲಬುರಗಿ ತೊಗರಿಗೆ ದೇಶದಲ್ಲೆಲ್ಲ ಹೆಸರಿದೆ, ನೀವು ಹಂದಿ ಹಿಂದೆ ಬಿದ್ದಿದ್ದೀರಿ! ರಾಶಿ ಆದ ದಿನ ಕಣದಲ್ಲೇ ಒಂದು ಚೀಲ ಬೇರೆ ಇಡಿ. ಕಲಬುರಗಿಯಲ್ಲಿ ಶರಣಬಸವೇಶ್ವರರ ಗುಡಿ ಇದೆ, ಬೀದರ್‌ನಲ್ಲಿ ಗುರುನಾನಕ್ ಝೀರಾ ಗುರುದ್ವಾರದ ಲಂಗರ್ (ಎಲ್ಲರಿಗೂ ಉಚಿತ ಊಟ) ಇದೆ. ಇಲ್ಲೆಲ್ಲ ಬೇಳೆಗೆ ಯಾರೂ ಬೇಡ ಅನ್ನುವುದಿಲ್ಲ, ನಿಮ್ಮ ಮಾಂಸವನ್ನಾದರೆ ಒಲೆ ಹತ್ತಿರವೂ ಬಿಡುವುದಿಲ್ಲ. ಮಾಂಸವನ್ನೇ ಕೊಡಬೇಕು ಅಂತ ಮನಸ್ಸಿದ್ದರೆ ಮೂವತ್ತು ಕೆಜಿ ತೂಗುವ ಆರೋಗ್ಯವಾದ ಹೋತ ತಂದು, ಪಶುವೈದ್ಯರಿಗೆ ತೋರಿಸಿ, ಗೊತ್ತಿರುವ ಕಸಾಯಿಯಿಂದ ಕೊಯ್ಸಿ, ತಿನ್ನುವವರನ್ನು ಕೇಳಿಯೇ ಬಡಿಸಿ. ಹದಿನಾಲ್ಕು ಕೆಜಿ ಮಾಂಸ ಬರುತ್ತದೆ, ನೂರು ಜನರಿಗೆ ಸಾಕು. ದುಬಾರಿ, ಒಪ್ಪುತ್ತೇನೆ.

ಬೆಳೆ ಉಳಿಸುವ ಮಾತು. ಹಂದಿ ಹೊಡೆಯಲು ಅನುಮತಿ ಕೇಳುವ ದಾರಿ ಕಾಯ್ದೆಯ 11ನೇ ಕಲಂನಲ್ಲಿ ಇದೆ. ಅದು ಅರಣ್ಯ ಇಲಾಖೆಯ ಲಿಖಿತ ಆದೇಶದ ಮೇಲೆ ಮಾತ್ರ, ಹೊಡೆದ ಮೇಲೂ ಮಾಂಸ ನಿಮ್ಮದಲ್ಲ. ಹಾಗಾಗಿ ಬೆಳೆಯೂ ಪುಣ್ಯವೂ ಒಟ್ಟಿಗೆ ಅನ್ನುವ ನಿಮ್ಮ ಯೋಜನೆ ಅಲ್ಲಿಯೂ ಕೂಡಿಬರುವುದಿಲ್ಲ. ಶೇಂಗಾ ಒಂದೂವರೆ ಎಕರೆಯೇ ಇರುವುದರಿಂದ ಸೋಲಾರ್ ಬೇಲಿ ಲೆಕ್ಕಕ್ಕೆ ಬರುತ್ತದೆ. ಅದು ಶಾಕ್ ಕೊಟ್ಟು ಬಿಡುತ್ತದೆ, ಕೊಲ್ಲುವುದಿಲ್ಲ. ಕಂಬದಿಂದ ನೇರ ಕರೆಂಟ್ ಎಳೆಯುವ ಯೋಚನೆ ಯಾರಾದರೂ ಕೊಟ್ಟರೆ ಅವರ ಜೊತೆ ಚಹಾ ಕುಡಿಯುವುದನ್ನೂ ಬಿಡಿ. ರಾತ್ರಿ ನೀರು ಕಟ್ಟಲು ಹೋಗುವವರು ನಿಮ್ಮ ಮಕ್ಕಳೇ. ಬೆಳೆ ಹಾಳಾದ ಕೂಡಲೇ ಫೋಟೋ ತೆಗೆದು, ಪಹಣಿ ಜೊತೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಪರಿಹಾರದ ಅರ್ಜಿ ಕೊಡಿ. ದುಡ್ಡು ಬರುವುದು ತಡ, ಬರುವುದು ಕಮ್ಮಿ, ನನಗೂ ಗೊತ್ತು. ಆದರೆ ಅರ್ಜಿಯೇ ಇಲ್ಲದಿದ್ದರೆ ನಿಮ್ಮ ಊರಲ್ಲಿ ಹಂದಿ ಕಾಟ ಇದೆ ಅಂತ ಕಾಗದದಲ್ಲಿ ಎಲ್ಲೂ ಇರುವುದಿಲ್ಲ. ಆ ಹಾಳು ಬಾವಿಗೆ ಒಂದು ಕಟ್ಟೆ ಕಟ್ಟಿಸಿ. ಇವತ್ತು ಹಂದಿ ಬಿತ್ತು.

ಕೊನೆಗೆ ಫ್ರಿಜ್‌ನಲ್ಲಿ ಕೂತಿರುವುದು. 48 ಗಂಟೆ ಯಾವಾಗಲೋ ಮುಗಿದಿದೆ. ಸುಟ್ಟುಬಿಡೋಣ, ಹೂತುಬಿಡೋಣ ಅಂತ ಹುಡುಗರು ಹೇಳಬಹುದು. ಅದು ಸಾಕ್ಷಿ ನಾಶ ಅನ್ನಿಸಿಕೊಂಡು ಇನ್ನೊಂದು ತಲೆನೋವು ತರುತ್ತದೆ. ಮೊದಲು ನಂಬಿಕೆಯ ವಕೀಲರೊಬ್ಬರಿಗೆ ನಡೆದದ್ದನ್ನು ನಡೆದ ಹಾಗೇ ಹೇಳಿ. ಬಾವಿಯ ಫೋಟೋ ಇದ್ದರೆ ಒಯ್ಯಿರಿ. ಅವರನ್ನು ಕರೆದುಕೊಂಡೇ ಅರಣ್ಯ ಕಚೇರಿಗೆ ಹೋಗಿ, ಮಾಂಸದ ವಿಷಯ ಬರವಣಿಗೆಯಲ್ಲಿ ಕೊಡಿ. ಇನ್ನೊಮ್ಮೆ ಹೀಗೆ ಆದರೆ ಪ್ರಾಣಿ ಮುಟ್ಟುವ ಮುಂಚೆ ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಮಾಂಸ ತಿಂದ ಮನೆಗಳಲ್ಲಿ ಯಾರಿಗಾದರೂ ಜ್ವರ, ಮೈಕೈ ನೋವು, ಕಣ್ಣಿನ ಸುತ್ತ ಬಾವು ಬಂದಿದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ. ಡಾಕ್ಟರ್‌ಗೆ ಹಂದಿ ಮಾಂಸ ತಿಂದದ್ದನ್ನು ಮುಚ್ಚಿಡದೆ ಹೇಳಲು ಹೇಳಿ. ಆಸ್ಪತ್ರೆ ಖರ್ಚು ನೀವೇ ನೋಡಿಕೊಳ್ಳಿ.